ಉಪನಿಧಿ

ಒಬ್ಬನು ತನ್ನ ವಸ್ತುವನ್ನು ಮತ್ತೊಬ್ಬನ ಕೈಯಲ್ಲಿ ಇಟ್ಟು ಹೋಗುವುದು ಬಹು ಹಳೆಯ ವ್ಯವಹಾರ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಇದಕ್ಕಾಗಿಯೇ ಒಂದು ಪ್ರಕರಣವುಂಟು. ಒಳಗೆ ಏನಿದೆಯೆಂದು ಹೇಳದೆ, ಮುಚ್ಚಿದ ಪೆಟ್ಟಿಗೆಯನ್ನು ಮುಚ್ಚಿದಂತೆಯೇ ಒಪ್ಪಿಸಿದರೆ ಅದಕ್ಕೆ ಉಪನಿಧಿಯೆಂದು ಹೆಸರು. ಪಡೆದವನು ಅದನ್ನು ಇದ್ದಂತೆಯೇ ಹಿಂದಿರುಗಿಸತಕ್ಕದ್ದು. ಅದನ್ನು ತನ್ನ ಇಚ್ಛೆಯಂತೆ ಬಳಸಿ ಲಾಭ ಮಾಡಿಕೊಂಡರೆ ದಂಡ. ಅರಸನಿಂದಲೋ ದೈವದಿಂದಲೋ ಕಳ್ಳರಿಂದಲೋ ಹೋದ ವಸ್ತುವಿಗೆ ಮಾತ್ರ ವಿನಾಯಿತಿ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು.

ಆ ಕಾಲದ ಪೆಟ್ಟಿಗೆಗೂ ಇಂದಿನ ಫೋಟೋವಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವುಂಟು. ಅಜ್ಜಿಯದೆಂದು ಉಳಿದಿರುವ ಒಂದೇ ಒಂದು ಭಾವಚಿತ್ರ, ಮಗುವಿನ ನಾಮಕರಣದ ಚಿತ್ರ, ಮಗಳು ಹಾಡಿದ ದೇವರನಾಮ, ಇವೆಲ್ಲವನ್ನೂ ಇಂದು ಮನೆಮನೆಯವರು ಫೋನಿನಿಂದ ಯಾವುದಾದರೊಂದು ವೆಬ್ ತಾಣಕ್ಕೆ ಏರಿಸುತ್ತಾರೆ. ಗೋಡೆಯ ಮೇಲಿನ ಚಿತ್ರವನ್ನು ಗೆದ್ದಲು ತಿಂದರೂ ಚಿಂತೆಯಿಲ್ಲ, ಅದು ಕ್ಲೌಡಿನಲ್ಲಿದೆ ಎಂದು ನೆಮ್ಮದಿಯಿಂದಿರುತ್ತಾರೆ. ಆದರೆ ಆ ಮೋಡವು ಆಕಾಶದ್ದಲ್ಲ. ಅದು ಎಲ್ಲಿಯೋ ಒಂದು ದೊಡ್ಡ ಕಟ್ಟಡ. ಅಲ್ಲಿ ಸಾಲುಸಾಲಾಗಿ ಯಂತ್ರಗಳು. ಆ ಯಂತ್ರಗಳು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ದೊರೆಯುತ್ತವೆ. ಚಿತ್ರವನ್ನು ಒಪ್ಪಿಸಿಕೊಂಡವನೂ ಆ ಮನೆಯಲ್ಲಿ ಬಾಡಿಗೆದಾರನೇ ಹೊರತು ಯಜಮಾನನಲ್ಲ.

ಇಂತಹ ತಾಣವನ್ನು ಹೊಸದಾಗಿ ಕಟ್ಟುವವರು ಮೊದಲು ಮಾಡುವ ತಪ್ಪು ಬಹು ಸಹಜವಾದುದು. ತಮ್ಮ ಮೇಜಿನ ಮೇಲಿನ ಯಂತ್ರದಲ್ಲಿ, ಕಾರ್ಯಕ್ರಮವನ್ನು ಬರೆದಿಟ್ಟ ಕಡೆಯಲ್ಲಿಯೇ ಚಿತ್ರಗಳಿಗೂ ಒಂದು ಮೂಲೆಯನ್ನು ಮಾಡುತ್ತಾರೆ. ಅಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತದೆ. ಬಾಡಿಗೆಯ ಯಂತ್ರಕ್ಕೆ ಹೋದ ಮೇಲೆ ನಡೆಯುವುದೇ ಬೇರೆ. ಕಾರ್ಯಕ್ರಮದ ಹೊಸ ಆವೃತ್ತಿ ಬಂದಾಗ ಹಳೆಯ ಯಂತ್ರವನ್ನು ಬಿಟ್ಟು ಹೊಸದನ್ನು ಹಿಡಿಯುವುದು ಅಲ್ಲಿಯ ಪದ್ಧತಿ. ಹಳೆಯದರ ಡಿಸ್ಕಿನಲ್ಲಿದ್ದುದೆಲ್ಲ ಅದರೊಡನೆಯೇ ಹೋಗುತ್ತದೆ. ಜನ ಹೆಚ್ಚಿದಾಗ ಒಂದರ ಬದಲು ನಾಲ್ಕು ಯಂತ್ರಗಳು ಕೆಲಸಕ್ಕೆ ನಿಲ್ಲುತ್ತವೆ. ಒಂದರಲ್ಲಿಟ್ಟ ಚಿತ್ರ ಉಳಿದ ಮೂರಕ್ಕೆ ತಿಳಿಯದು. ಬೆಳಗ್ಗೆ ಕಂಡ ಅಜ್ಜಿಯ ಮುಖವು ಸಂಜೆಗೆ ಕಾಣದು. ಕಳ್ಳನೂ ಬರಲಿಲ್ಲ, ಬೆಂಕಿಯೂ ಬೀಳಲಿಲ್ಲ. ಛತ್ರದ ಕೋಣೆಯಲ್ಲಿ ಒಡವೆಯಿಟ್ಟು ಊರಿಗೆ ಹೋದವನ ಪಾಡು ಅದು. ಛತ್ರವು ತಂಗುವುದಕ್ಕೆ, ಇಡುವುದಕ್ಕೆ ಬೇರೆ ಸ್ಥಳವೇ ಬೇಕು.

ಆ ಬೇರೆ ಸ್ಥಳವೇ ಉಗ್ರಾಣ. ಅಮೆಜಾನ್ ಸಂಸ್ಥೆಯು 2006ರ ಮಾರ್ಚಿಯಲ್ಲಿ ಎಸ್3 ಎಂಬ ಉಗ್ರಾಣವನ್ನು ತೆರೆಯಿತು. ಅನಂತರ ಇತರರೂ ತೆರೆದರು. ಅಲ್ಲಿ ಒಪ್ಪಿಸಿದ ಪ್ರತಿಯೊಂದು ವಸ್ತುವಿಗೂ ಒಂದು ಹೆಸರು. ಹೆಸರು ಹೇಳಿದರೆ ವಸ್ತು ದೊರೆಯುತ್ತದೆ. ತಾಣದ ಲೆಕ್ಕದ ಪುಸ್ತಕದಲ್ಲಿ ಚಿತ್ರವಿರುವುದಿಲ್ಲ, ಅದರ ಹೆಸರು ಮಾತ್ರ ಇರುತ್ತದೆ. ಕೆಲಸ ಮಾಡುವ ಯಂತ್ರಗಳು ಬರಲಿ, ಹೋಗಲಿ, ವಸ್ತುವಿಗೆ ಚ್ಯುತಿಯಿಲ್ಲ. ಎಸ್3ರ ಸಾಮಾನ್ಯ ವರ್ಗದಲ್ಲಿ ವಸ್ತುವನ್ನು ಒಂದಕ್ಕೊಂದು ದೂರವಾದ ಮೂರಕ್ಕೆ ಕಡಿಮೆಯಿಲ್ಲದ ವಲಯಗಳಲ್ಲಿ ಹರಡಿ ಇಡುತ್ತಾರೆ. ಒಂದು ಕೋಟಿ ವಸ್ತುಗಳನ್ನಿಟ್ಟರೆ ಸರಾಸರಿ 10,000 ವರ್ಷಗಳಿಗೆ ಒಂದು ನಷ್ಟವಾದೀತು ಎಂಬುದು ಆ ಸಂಸ್ಥೆಯವರ ಲೆಕ್ಕಾಚಾರ. ಆದರೆ ಈ ಲೆಕ್ಕವು ಡಿಸ್ಕು ಕೆಡುವುದನ್ನು ಕುರಿತದ್ದು. ಒಡೆಯನೇ ಕೈತಪ್ಪಿ ಅಳಿಸಿದರೆ, ಬಾಡಿಗೆಯನ್ನು ಕಟ್ಟದೆ ಬಿಟ್ಟರೆ, ಅದು ಕಾಪಾಡಲಾರದು.

ಇಡುವುದಕ್ಕಿಂತ ತೆಗೆದುಕೊಡುವುದು ಸುಲಭವೆಂದು ತೋರಬಹುದು. ಹಾಗಲ್ಲ. ಫೇಸ್‌ಬುಕ್ಕಿನ ಎಂಜಿನಿಯರುಗಳು 2010ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಂತೆ, ಆಗ ಅವರ ಬಳಿ 26,000 ಕೋಟಿ ಚಿತ್ರಗಳಿದ್ದವು. ಒಂದೊಂದು ಫೋಟೋವನ್ನೂ ನಾಲ್ಕು ಅಳತೆಗಳಲ್ಲಿ ಇಡುತ್ತಿದ್ದರು. ಒಂದನ್ನು ಹುಡುಕಲು ಡಿಸ್ಕನ್ನು ಹಲವು ಬಾರಿ ಮುಟ್ಟಬೇಕಾಗಿದ್ದಿತು. ಯಾವುದು ಎಲ್ಲಿದೆಯೆಂಬ ಸೂಚಿಯನ್ನು ಯಂತ್ರದ ಸ್ಮರಣೆಯಲ್ಲಿಯೇ ಇರಿಸಿಕೊಂಡು, ಒಂದೇ ಬಾರಿಗೆ ಕೈಹಾಕುವಂತೆ ಅವರು ವ್ಯವಸ್ಥೆ ಮಾಡಿದರು. ಆ ವ್ಯವಸ್ಥೆಗೆ ಅವರಿಟ್ಟ ಹೆಸರು ಹೇಸ್ಟ್ಯಾಕ್, ಅಂದರೆ ಹುಲ್ಲಿನ ಬಣವೆ. ಬಣವೆಯಲ್ಲಿ ಸೂಜಿಯನ್ನು ಹುಡುಕುವ ಕಷ್ಟವನ್ನು ತಿಳಿದವರೇ ಇಟ್ಟ ಹೆಸರು.

ಹುಡುಕಿದ ಮೇಲೆ ಯಾರಿಗೆ ಕೊಡತಕ್ಕದ್ದು? ಇಲ್ಲಿ ಉಪನಿಧಿಯ ಮುಚ್ಚಳದ ಮಾತು ಬರುತ್ತದೆ. ಉಗ್ರಾಣದ ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟರೆ ಕೆಲಸ ಹಗುರ. ಆದರೆ ಚಿತ್ರಗಳಿಗೆ ಒಂದು, ಎರಡು, ಮೂರು ಎಂದು ಹೆಸರಿಟ್ಟಿದ್ದರೆ, ಎಣಿಸಲು ಬಲ್ಲವನೆಲ್ಲ ಪರರ ಮನೆಯ ಪಡಸಾಲೆಯನ್ನು ಇಣಿಕಿ ನೋಡಬಹುದು. ಫೋನಿನಲ್ಲಿ ತೆಗೆದ ಚಿತ್ರದೊಳಗೆ, ತೆಗೆದ ಸ್ಥಳದ ಅಕ್ಷಾಂಶ ರೇಖಾಂಶಗಳೂ ಅಡಗಿರುವುದುಂಟು. ಅವನ್ನು ತೆಗೆಯದೆ ತೋರಿಸಿದರೆ ಮಗುವಿನ ನಗೆಯೊಡನೆ ಮನೆಯ ದಾರಿಯನ್ನೂ ತೋರಿಸಿದಂತಾಯಿತು. ಆದುದರಿಂದ ತಿಳಿದವರು ಬಾಗಿಲನ್ನು ಮುಚ್ಚಿಯೇ ಇಡುತ್ತಾರೆ. ಅಧಿಕಾರವುಳ್ಳವನು ಕೇಳಿದಾಗ ತಾಣವು ಒಂದು ರುಜು ಹಾಕಿದ ಚೀಟಿಯನ್ನು ಕೊಡುತ್ತದೆ. ಅದರಲ್ಲಿ ವಸ್ತುವಿನ ಹೆಸರೂ ಗಡುವೂ ಇರುತ್ತವೆ. ಗಡುವು ಮೀರಿದರೆ ಚೀಟಿಗೆ ಬೆಲೆಯಿಲ್ಲ. ಚಿತ್ರವನ್ನು ಏರಿಸುವುದಕ್ಕೂ ಇಂತಹುದೇ ಚೀಟಿಯನ್ನು ಕೊಡಬಹುದು. ಆಗ ಫೋನು ನೇರವಾಗಿ ಉಗ್ರಾಣಕ್ಕೆ ಒಪ್ಪಿಸುತ್ತದೆ.

ಇಷ್ಟೆಲ್ಲ ಎಚ್ಚರಿಕೆ ಏತಕ್ಕೆಂಬುದನ್ನು ಎರಡು ಘಟನೆಗಳು ತಿಳಿಸಿಕೊಟ್ಟವು. ಮೈಸ್ಪೇಸ್ ಎಂಬ ತಾಣಕ್ಕೆ ಜನರು ವರ್ಷಗಟ್ಟಲೆ ಹಾಡುಗಳನ್ನೂ ಚಿತ್ರಗಳನ್ನೂ ಒಪ್ಪಿಸಿದ್ದರು. ಯಂತ್ರಗಳನ್ನು ಬದಲಾಯಿಸುವಾಗ, ಮೂರು ವರ್ಷಗಳಿಗಿಂತ ಹಿಂದಿನವು ಇನ್ನು ಸಿಗದೆ ಹೋಗಬಹುದೆಂದು ಅದು ಪ್ರಕಟಿಸಿದ ಸಂಗತಿ 2019ರ ಮಾರ್ಚಿಯಲ್ಲಿ ಲೋಕಕ್ಕೆ ತಿಳಿಯಿತು. 2021ರ ಮಾರ್ಚಿ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಸಂಸ್ಥೆಯ ಒಂದು ಕಟ್ಟಡವು ಬೆಂಕಿಗೆ ತುತ್ತಾಯಿತು. ಬೇರೆಡೆ ಪ್ರತಿಯಿದ್ದವರು ಚೇತರಿಸಿಕೊಂಡರು. ಪ್ರತಿಯನ್ನೂ ಅಲ್ಲಿಯೇ ಇಟ್ಟಿದ್ದವರಿಗೆ ಎರಡೂ ಇಲ್ಲವಾಯಿತು. ಬೆಂಕಿಯು ದೈವವೆಂದು ಸ್ಮೃತಿಕಾರನು ಒಪ್ಪಿಯಾನು. ಪ್ರತಿಯನ್ನು ಅದೇ ಸೂರಿನಡಿಯಲ್ಲಿ ಇಡುವುದೂ ದೈವವೆಂದರೆ ಅವನು ಒಪ್ಪುವನೆ?

ಇದ್ದಂತೆಯೇ ಹಿಂದಿರುಗಿಸಬೇಕೆಂಬ ಮಾತೂ ಉಳಿದಿದೆ. ಚಿತ್ರವು ಬೇಗ ಕಾಣಲೆಂದು ಅನೇಕ ತಾಣಗಳು ಅದನ್ನು ಕುಗ್ಗಿಸುತ್ತವೆ. ಮೂಲವನ್ನು ಮುಟ್ಟದೆ ಇರಿಸಿ, ಕುಗ್ಗಿಸಿದ ಪ್ರತಿಯನ್ನು ಬೇರೆಯಾಗಿ ಮಾಡುವವನು ಧರ್ಮವನ್ನು ಪಾಲಿಸಿದವನು. ಕುಗ್ಗಿಸಿದುದನ್ನು ಉಳಿಸಿಕೊಂಡು ಮೂಲವನ್ನು ಬಿಸುಟವನು ಚಿನ್ನವನ್ನು ಪಡೆದು ಮುಲಾಮಿನ ಒಡವೆಯನ್ನು ಕೊಟ್ಟವನು. ಅಜ್ಜಿಯ ಭಾವಚಿತ್ರದಲ್ಲಿ ಸೀರೆಯ ಅಂಚು ಎಂತಹುದೆಂದು ಮರಿಮಗಳು ಒಂದು ದಿನ ದೊಡ್ಡದು ಮಾಡಿ ನೋಡಬಯಸಿದಾಗ ಈ ಎರಡರ ಅಂತರವು ತಿಳಿಯುತ್ತದೆ. ಚಿತ್ರವನ್ನು ಒಪ್ಪಿಸುವ ಮನೆಯವರಿಗೆ ಯಂತ್ರದ ವಿದ್ಯೆ ತಿಳಿಯಬೇಕಾದುದಿಲ್ಲ. ಮೂಲವು ಮರಳಿ ದೊರೆಯುವುದೆ, ಮತ್ತೊಂದು ಪ್ರತಿ ಎಲ್ಲಿದೆ, ಬಾಗಿಲು ಯಾರಿಗೆ ತೆರೆದಿದೆ ಎಂದು ಕೇಳಿದರೆ ಸಾಕು. ಕಲ್ಯಾಣದ ಕಾಲದಲ್ಲಿ ಪೆಟ್ಟಿಗೆಯನ್ನು ಇಡಲು ಬಂದವನು ಕೇಳುತ್ತಿದ್ದುದೂ ಬಹುಶಃ ಇವನ್ನೇ.