ಅಂಟು ಹಚ್ಚದ ತಳ

ಭಾಗ 1/6

ಮೊದಲು ಬೆರಳಿನಿಂದ ಸರಿಸಿ ಎರಡನೇ ಫೋಟೊ ನೋಡ್ರಿ. ಬೋಗುಣಿಯ ಕೆಳಗಿನ ಸುತ್ತಿನಲ್ಲಿ ಒಂದು ಸೀಳು ಐತಲ್ಲ, ಉಗುರು ಹೋಗುವಷ್ಟು? ಹೋದ ವರ್ಷ ಜೂನ್ ತಿಂಗಳಲ್ಲಿ, ಮಳೆ ಹಿಡಿದು ಎಂಟು ದಿನ ಆಗಿತ್ತು. ರಾತ್ರಿ ಜಮಖಂಡಿಯ ನಮ್ಮ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ, ಗೂಡಿನಲ್ಲಿ ಇಟ್ಟ ಬೋಗುಣಿ 'ಟಪ್' ಅಂತ ಒಡೆಯಿತು. ಯಾರೂ ಮುಟ್ಟಿರಲಿಲ್ಲ, ಬೀಳಿಸಿರಲಿಲ್ಲ.

ಹೊಸಬರಿಗೆ ಒಂದು ಮಾತು. ನಾನು ಮಾಡುವ ಬೋಗುಣಿ ಒಂದೇ ಮರದ ದಿಮ್ಮಿಯಿಂದ ಕೆತ್ತಿದ್ದಲ್ಲ. ಸಣ್ಣ ಸಣ್ಣ ತುಂಡು ಕೊಯ್ದು, ಅಂಟಿಸಿ ಬಳೆ ಮಾಡಬೇಕು. ಬಳೆಯ ಮೇಲೆ ಬಳೆ ಕೂರಿಸಬೇಕು. ಆಮೇಲೆ ಲೇಥಿಗೆ ಹಾಕಿ ತಿರುಗಿಸಿ ಉಳಿ ಹಿಡಿಯಬೇಕು. ಇದಕ್ಕೆ ಸೆಗ್ಮೆಂಟೆಡ್ ಟರ್ನಿಂಗ್ ಅಂತಾರೆ. ಚನ್ನಪಟ್ಟಣದ ಗೊಂಬೆ, ಕಲಘಟಗಿಯ ತೊಟ್ಟಿಲು ನೀವು ನೋಡೀರಿ. ಅಲ್ಲಿಯೂ ಕಟ್ಟಿಗೆ ತಿರುಗಿಸಿಯೇ ಕೆಲಸ, ಮೇಲೆ ಅರಗಿನ ಬಣ್ಣ. ನನ್ನದರಲ್ಲಿ ಬಣ್ಣ ಇಲ್ಲ. ಕಟ್ಟಿಗೆಯ ಬಣ್ಣವೇ ಬಣ್ಣ.

ಒಡೆದ ಆ ಬೋಗುಣಿಯಲ್ಲಿ ಅರವತ್ತು ತುಂಡು ಇದ್ದವು. ನಾಲ್ಕು ಊರಿನಿಂದ, ನಾಲ್ಕು ಮನೆಯಿಂದ ತಂದದ್ದು. ಆ ನಾಲ್ಕು ಮನೆಯೂ ಮೊದಲು ಒಂದೇ ಮನೆ.

ಭಾಗ 2/6

ನಮ್ಮ ಊರು ಈಗ ನೀರಾಗ ಐತಿ. ಬೀಳಗಿ ತಾಲ್ಲೂಕು, ಕೃಷ್ಣೆಯ ದಂಡೆ. 2000ನೇ ಇಸವಿಯ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆಲಮಟ್ಟಿಯಲ್ಲಿ 519.60 ಮೀಟರ್ ಮಟ್ಟದ ತನಕ ನೀರು ನಿಲ್ಲಿಸಲು ಒಪ್ಪಿತು. ಹೊರಗಿನವರಿಗೆ ಅದೊಂದು ಅಂಕಿ. ನಮ್ಮ ಕಡೆ ಅದು ಗೋಡೆಯ ಮೇಲೆ ಬಿದ್ದ ಗೆರೆ.

ಊರು ಬಿಡುವಾಗ ಜನ ಏನು ಒಯ್ದರು ಗೊತ್ತೇನ್ರಿ? ಕಟ್ಟಿಗೆ. ಮಣ್ಣಿನ ಗೋಡೆ ಒಯ್ಯಲಿಕ್ಕೆ ಬರೋದಿಲ್ಲ. ಬಾಗಿಲು, ಕಂಬ, ತೊಲೆ, ಜಂತಿ ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿದರು. ನಮ್ಮದು ಮಾಳಿಗೆ ಮನೆ. ಅಜ್ಜ ತೀರಿದ್ದ. ನಾಲ್ಕು ಮಂದಿ ಅಣ್ಣತಮ್ಮಂದಿರು ಅಂಗಳದಲ್ಲಿ ನಿಂತು ಕಟ್ಟಿಗೆ ಹಂಚಿಕೊಂಡರು.

ದೊಡ್ಡಪ್ಪಗ ಸಾಗವಾನಿಯ ತಲೆಬಾಗಿಲು. ಆತ ಬೀಳಗಿಗೆ ಹೋದ. ಮುಧೋಳದ ಕಾಕಾಗ ಪಡಸಾಲೆಯ ಕಂಬ. ನಮ್ಮಪ್ಪಗ ಬೇವಿನ ಜಂತಿ, ಒಂದಿಷ್ಟು ಹಲಗೆ. ಬನಹಟ್ಟಿಯಲ್ಲಿ ಮಗ್ಗ ಹಾಕಿದ್ದ ಸಣ್ಣ ಕಾಕಾಗ ಜಾಲಿಯ ಹೊಸ್ತಿಲು.

ಅಪ್ಪಗ ಬಾಗಿಲು ಬೇಕಾಗಿತ್ತು. "ಹಿರ್ಯಾ ನಾನು, ಬಾಗಲಾ ನನಗ" ಅಂದ ದೊಡ್ಡಪ್ಪ. ಒಂದು ಮಾತಿಗೆ ಹತ್ತು ಮಾತು ಬೆಳೆಯಿತು. ಅಂದು ಮಾತು ಬಿಟ್ಟವರು ಇನ್ನೂ ಆಡಿಲ್ಲ. ಮದುವೆ, ಮಯ್ಯತ್ತು ಎಲ್ಲದಕ್ಕೂ ಇಬ್ಬರೂ ಬರ್ತಾರೆ, ಚಪ್ಪರದ ಎರಡು ತುದಿಗೆ ಕೂಡ್ತಾರೆ. ಯಾರಿಗೂ ಏನೂ ಹೇಳೋದಿಲ್ಲ. ನಾವು ಮಕ್ಕಳು ಆ ನಡುವಿನ ಜಾಗದಲ್ಲಿ ಆಡುತ್ತ ಬೆಳೆದೆವು.

ಹನ್ನೆರಡು ತುಂಡಿನ ಒಂದು ಬಳೆ. ಮನೆಗೆ ಮೂರರಂತೆ ನಾಲ್ಕು ಮನೆ. ಲೆಕ್ಕ ಸರಿ ಹೋಗ್ತದೆ ಅನ್ನಿಸಿದ ದಿನ ನಾನು ಗಾಡಿ ಹತ್ತಿದೆ.

ಭಾಗ 3/6

ಮುಧೋಳದ ಕಾಕಾ ಆ ಕಂಬವನ್ನು ದನದ ಕೊಟ್ಟಿಗೆಗೆ ನಿಲ್ಲಿಸಿದ್ದ. ಬುಡಕ್ಕೆ ಒರಲಿ ಹಿಡಿದಿತ್ತಂತ ಕೊಯ್ದು ತೆಗೆದ ಮೊಂಡು ಮೂಲೆಯಲ್ಲಿ ಬಿದ್ದಿತ್ತು. "ಒಲಿಗೆ ಹಾಕಬೇಕಂತ ಇಟ್ಟಿದ್ದೆ, ತಗೊಂಡು ಹೋಗೋ" ಅಂದ. ಒರಲಿ ತಿಂದದ್ದು ಹೊರಗಿನ ಒಂದು ಬೆರಳಷ್ಟೇ. ಒಳಗೆ ಗಟ್ಟಿ.

ಬನಹಟ್ಟಿಯ ಸಣ್ಣ ಕಾಕಾ ಹೊಸ್ತಿಲನ್ನು ಹಿತ್ತಲ ಗೋಡೆಗೆ ಒರಗಿಸಿ ಇಟ್ಟಿದ್ದ. ಅದನ್ನು ಎಲ್ಲಿಯೂ ಕೂರಿಸಿರಲಿಲ್ಲ, ಯಾರಿಗೂ ದಾಟಲು ಕೊಟ್ಟಿರಲಿಲ್ಲ. ಒಂದು ತುದಿಯಿಂದ ಗೇಣು ಕೊಯ್ದು ಕೊಟ್ಟ. ಜೊತೆಗೆ ಹಳೇ ಪವರ್‌ಲೂಮಿನ ಒಂದು ಮೋಟರೂ ಕೊಟ್ಟ. ನನ್ನ ಲೇಥ್ ಈಗಲೂ ಅದರ ಮೇಲೇ ಓಡ್ತದೆ. ಹೊಸ್ತಿಲಿಗೆ ಆಯಿ ಎಷ್ಟು ವರ್ಷ ಅರಿಷಿಣ, ಎಣ್ಣೆ ಹಚ್ಚಿದ್ದಳೋ. ರಂದಾ ಹೊಡೆದಷ್ಟೂ ಹಳದಿ ಬರ್ತಿತ್ತು. ಎಣ್ಣೆ ಕುಡಿದ ಮೈಗೆ ಅಂಟು ಹಿಡಿಯೋದಿಲ್ಲ, ಅದಕ್ಕೆ ಪೂರ್ತಿ ತೆಗೆಯಲೇಬೇಕು. ತೆಗೆಯುವಾಗ ಕೈ ತಡೆಯಿತು ಅಂತ ಒಪ್ಪಿಕೊಳ್ತೀನಿ.

ಬೀಳಗಿಗೆ ಹೋಗುವ ಧೈರ್ಯ ಆಗಲಿಲ್ಲ. ಹೊಸ ಮನೆಯ ಗೋಡೆ ಗಿಡ್ಡ ಇದ್ದದ್ದರಿಂದ ದೊಡ್ಡಪ್ಪ ಬಾಗಿಲ ಚೌಕಟ್ಟಿನ ಕಾಲು ಕೊಯ್ಸಿದ್ದ. ಆ ತುಂಡನ್ನು ವೈನಿ ಯಾರಿಗೂ ಹೇಳದೆ ಚೀಲದಲ್ಲಿ ಹಾಕಿ ಬಸ್ಸಿಗೆ ಕಳಿಸಿದಳು.

ಹಳೇ ಕಟ್ಟಿಗೆ ಕೊಯ್ಯುವವರಿಗೆ ಎರಡು ಮಾತು: ಮೊದಲು ಅಯಸ್ಕಾಂತ ಆಡಿಸಿ ಮುರಿದ ಮೊಳೆ ಹುಡುಕ್ರಿ, ಇಲ್ಲದಿದ್ದರೆ ಗರಗಸದ ಹಲ್ಲು ಹೋಗ್ತದೆ, ಕಣ್ಣೂ ಹೋಗಬಹುದು. ಸಾಗವಾನಿಯ ಪುಡಿ ಎದೆಗೆ ಒಳ್ಳೇದಲ್ಲ, ಮಾಸ್ಕ್ ಬಿಡಬ್ಯಾಡ್ರಿ.

ಭಾಗ 4/6

ಈಗ ಕೆಲಸ. ಸ್ವಲ್ಪ ಲೆಕ್ಕ ಐತಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಹನ್ನೆರಡು ತುಂಡು ಸೇರಿ ಬಳೆ ಆಗಬೇಕಾದರೆ ಪ್ರತಿ ತುಂಡಿನ ಎರಡೂ ತುದಿಯನ್ನು 15 ಡಿಗ್ರಿ ಓರೆಯಾಗಿ ಕೊಯ್ಯಬೇಕು. 180ನ್ನು ತುಂಡಿನ ಸಂಖ್ಯೆಯಿಂದ ಭಾಗಿಸಿದರೆ ಬರೋದು ಅದೇ. ಬಳೆ 250 ಮಿಲಿಮೀಟರ್ ಅಗಲ ಬೇಕು ಅಂದರೆ ತುಂಡಿನ ಹೊರ ಅಂಚು ಸುಮಾರು 67 ಮಿಲಿಮೀಟರ್. ಏಳು ಸೆಂಟಿಮೀಟರ್ ಕಟ್ಟಿಗೆ ಅಂದರೆ ಮಂದಿ ಒಲೆಗೆ ಹಾಕ್ತಾರೆ. ನನಗೆ ಅದೇ ಸಾಕು.

ಹನ್ನೆರಡು ತುಂಡಿಗೆ ಇಪ್ಪತ್ನಾಲ್ಕು ಕೊಯ್ತ. ಪ್ರತಿ ಕೊಯ್ತದಲ್ಲಿ ಹತ್ತನೇ ಒಂದು ಡಿಗ್ರಿ ತಪ್ಪಿದರೆ ಕಣ್ಣಿಗೆ ಕಾಣೋದಿಲ್ಲ. ಆದರೆ ಎಲ್ಲ ತಪ್ಪೂ ಒಂದೇ ಕಡೆಗೆ ವಾಲಿದ್ದರೆ ಕೂಡಿ 2.4 ಡಿಗ್ರಿ ಆಗ್ತದೆ. ಕೊನೆಯ ತುಂಡಿನ ಹತ್ತಿರ ಬಳೆ ಐದು ಮಿಲಿಮೀಟರ್ ಬಾಯಿ ತೆರೀತದೆ. ತಪ್ಪು ಕೊನೆಯ ತುಂಡಿನದು ಅನ್ನಿಸ್ತದೆ, ಅಲ್ಲ. ಎಲ್ಲದರದ್ದೂ ಚೂರು ಚೂರು.

ಅದಕ್ಕೆ ಒಂದು ಉಪಾಯ ಐತಿ. ಆರಾರು ತುಂಡಿನ ಎರಡು ಅರ್ಧ ಬಳೆ ಮಾಡಿ ಒಣಗಿಸ್ರಿ. ಚಪ್ಪಟೆ ಹಲಗೆಯ ಮೇಲೆ ಪಾಲಿಶ್ ಪೇಪರ್ ಅಂಟಿಸಿ, ಅರ್ಧ ಬಳೆಯ ಎರಡೂ ತುದಿ ಒಟ್ಟಿಗೆ ತಿಕ್ಕಿ ಸಮ ಮಾಡ್ರಿ. ಆಮೇಲೆ ಜೋಡಿಸ್ರಿ. ತುಂಡಿನ ತುದಿ ಅಂಟನ್ನು ಕುಡೀತದೆ, ಹೀಗಾಗಿ ಮೊದಲು ತೆಳ್ಳಗೆ ಒಂದು ಕೈ ಫೆವಿಕಾಲ್ ಹಚ್ಚಿ, ಅದು ಇಂಗಿದ ಮೇಲೆ ಇನ್ನೊಂದು ಕೈ. ಬಿಗಿಯಲು ನಾನು ಸೈಕಲ್ ಟ್ಯೂಬಿನ ಪಟ್ಟಿ ಸುತ್ತುತ್ತೀನಿ. ಮೇಲಿನ ಬಳೆಯನ್ನು ಅರ್ಧ ತುಂಡು ಸರಿಸಿ ಕೂರಿಸಬೇಕು, ಇಟ್ಟಂಗಿ ಕಟ್ಟಿದ ಹಾಗೆ. ಕೂಡು ಮೇಲೆ ಕೂಡು ಬರಬಾರದು.

ಇದೇನು ಪರದೇಶದ ವಿದ್ಯೆ ಅಲ್ಲ. ಚಕ್ಕಡಿಯ ಗಾಲಿ ನೋಡ್ರಿ. ಸುತ್ತು ಒಂದೇ ಕಟ್ಟಿಗೆಯದಲ್ಲ, ಬಾಗಿದ ತುಂಡು ಜೋಡಿಸಿ ಬಡಿಗೇರ ಮಾಡಿದ್ದು. ಮೇಲೆ ಕಾಯಿಸಿದ ಕಬ್ಬಿಣದ ಹಳಿ ಹಾಕಿ ನೀರು ಹೊಯ್ದರೆ ಅದು ಕುಗ್ಗಿ ಎಲ್ಲವನ್ನೂ ಬಿಗೀತದೆ.

ಏಪ್ರಿಲ್-ಮೇ ಬಿಸಿಲಿನಲ್ಲಿ ಐದು ಬಳೆ ಮಾಡಿದೆ. ತಳಕ್ಕೆ ಅಪ್ಪನ ಪಾಲಿನ ಬೇವಿನ ಹಲಗೆ, ದುಂಡಗೆ ಕೊಯ್ದು, ಸುತ್ತಲೂ ಅಂಟು ಹಚ್ಚಿ ಗಟ್ಟಿಯಾಗಿ ಕೂರಿಸಿದೆ. ಎಷ್ಟು ಗಟ್ಟಿ ಅಂದರೆ ನನಗೇ ಹೆಮ್ಮೆ ಆಗಿತ್ತು.

ಜೂನ್‌ನಲ್ಲಿ ಅದೇ ಒಡೆಯಿತು.

ಭಾಗ 5/6

ಏಳು ದಿನ ಆ ಸೀಳು ನೋಡುತ್ತ ಕೂತೆ. ಅಂಟು ಕಡಿಮೆ ಆಯಿತೇನೋ ಅಂದುಕೊಂಡೆ. ಹೊಸದು ಮಾಡಬೇಕು, ಆದರೆ ಬಾಗಿಲ ಕಟ್ಟಿಗೆ ಖಾಲಿ. ಈ ಸಲ ವೈನಿಗೆ ಫೋನ್ ಮಾಡಲಿಲ್ಲ. ಒಡೆದ ಬೋಗುಣಿಯನ್ನು ಟಾವೆಲ್ಲಿನಲ್ಲಿ ಸುತ್ತಿಕೊಂಡು ನಾನೇ ಬೀಳಗಿಗೆ ಹೋದೆ.

ದೊಡ್ಡಪ್ಪ ಕಟ್ಟೆಯ ಮೇಲೆ ಕೂತಿದ್ದ. ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

"ನಿಮ್ಮಪ್ಪಗ ಗೊತ್ತೈತೇನು, ನೀ ಬಂದಿದ್ದು?"

"ಇಲ್ರಿ ದೊಡ್ಡಪ್ಪಾ."

ಟಾವೆಲ್ ಬಿಚ್ಚಿದೆ. ಆತ ಬೋಗುಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸುತ್ತ ತಿರುಗಿಸಿದ. ಸಾಗವಾನಿಯ ತುಂಡಿನ ಮೇಲೆ ಹೆಬ್ಬೆರಳು ನಿಂತಿತು. ಕೊಟ್ಟದ್ದು ಯಾರು ಅಂತ ಕೇಳಲಿಲ್ಲ. ಬೋಗುಣಿ ಮಗುಚಿ ತಳ ನೋಡಿದ.

"ಇದಕ್ಕ ಅಂಟ ಹಚ್ಚೀ ಏನು?"

"ಹೌದ್ರಿ, ಸುತ್ತಲೂ."

ಎದ್ದು ಬಾಗಿಲ ಹತ್ತಿರ ಕರೆದುಕೊಂಡು ಹೋದ. ಅಜ್ಜನ ಬಾಗಿಲು. ಚೌಕಟ್ಟಿನೊಳಗೆ ಕೂತ ಹಲಗೆಯನ್ನು ಎರಡು ಬೆರಳಿನಿಂದ ಒತ್ತಿದ. ಲಟಕ್ ಅಂದಿತು.

"ಕೇಳಿದೀ? ಅಲಗತೈತಿ. ನಾ ಹುಟ್ಟೋಕಿಂತ ಮೊದಲಿನ ಬಾಗಲಾ ಇದು. ಹಲಗಿಗೆ ಯಾರರ ಅಂಟ ಹಚ್ಚತಾರೇನೋ? ತೋಡಿನ್ಯಾಗ ಸುಮ್ನ ಕೂಡ್ರಸಬೇಕು. ಮಳಿಗಾಲಕ್ಕ ಹಿಗ್ಗತೈತಿ, ಬ್ಯಾಸಿಗಿಗೆ ಕುಗ್ಗತೈತಿ. ಅದಕ್ಕ ಜಾಗಾ ಬಿಟ್ಟಿದ್ಕ ಉಳದೈತಿ."

ನನ್ನ ತಪ್ಪು ಆಗ ತಿಳಿಯಿತು. ಕಟ್ಟಿಗೆ ಉದ್ದಕ್ಕೆ ಹಿಗ್ಗೋದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಡ್ಡಕ್ಕೆ ಹಿಗ್ಗುತ್ತದೆ. 200 ಮಿಲಿಮೀಟರ್ ಅಗಲದ ಹಲಗೆ ಬೇಸಿಗೆಯಿಂದ ಮಳೆಗಾಲಕ್ಕೆ ಒಂದೆರಡು ಮಿಲಿಮೀಟರ್ ಅಗಲ ಆಗಬಹುದು. ಬಳೆಯಲ್ಲಿ ಎಲ್ಲ ತುಂಡಿನ ಎಳೆಯೂ ಸುತ್ತಿನ ಉದ್ದಕ್ಕೇ ಇರ್ತದೆ, ಹೀಗಾಗಿ ಬಳೆ ದೊಡ್ಡದಾಗೋದಿಲ್ಲ. ಒಣ ಬೇಸಿಗೆಯಲ್ಲಿ ಅಂಟಿಸಿದ ತಳ ಮಳೆಗೆ ಹಿಗ್ಗಿತು, ಹೋಗಲು ಜಾಗ ಇರಲಿಲ್ಲ, ಬಳೆಯನ್ನು ಸೀಳಿತು. ಅಂಟು ಕಡಿಮೆ ಆಗಿರಲಿಲ್ಲ. ಹೆಚ್ಚಾಗಿತ್ತು.

ಹೊರಡುವಾಗ ಚೌಕಟ್ಟಿನ ಇನ್ನೊಂದು ಕಾಲಿನ ತುಂಡು ತಂದು ಕೈಗೆ ಕೊಟ್ಟ. ಸುಣ್ಣ ಹತ್ತಿತ್ತು. ಇಷ್ಟು ವರ್ಷ ಕಾಪಿಟ್ಟಿದ್ದ. "ಇನ್ನಷ್ಟು ನೀರ ಏರಿಸ್ತಾರಂತಲ್ಲೋ" ಅಂದ. 2010ರಲ್ಲಿ ಕೃಷ್ಣಾ ಎರಡನೇ ನ್ಯಾಯಮಂಡಳಿ 524.256 ಮೀಟರ್‌ಗೆ ಒಪ್ಪಿದ ಮೇಲೆ ನಮ್ಮ ಕಡೆ ಕಟ್ಟೆ ಮೇಲಿನ ಮಾತು ಅದೇ. "ಆವಾಗ ಈ ಬಾಗಲಾ ಯಾರು ಒಯ್ತೀರೋ ಒಯ್ರಿ. ಜಗಳ ಆಡಬ್ಯಾಡ್ರಿ."

ಭಾಗ 6/6

ಎರಡನೇ ಬೋಗುಣಿ ಕೊನೆಯ ಫೋಟೊದಲ್ಲಿ ಐತಿ. ಅವೇ ನಾಲ್ಕು ಕಟ್ಟಿಗೆ, ಅವೇ ಐದು ಬಳೆ. ಈ ಸಲ ಕೆಳಗಿನ ಬಳೆಯ ಒಳಗೆ ತೋಡು ಕೊರೆದು, ತಳವನ್ನು ಸುತ್ತಲೂ ಒಂದೂವರೆ ಮಿಲಿಮೀಟರ್ ಸಡಿಲ ಬಿಟ್ಟು ಕೂರಿಸಿದೆ. ಅದರ ಮೇಲೆ ಮುಂದಿನ ಬಳೆ ಅಂಟಿಸಿದೆ. ತಳಕ್ಕೆ ಒಂದು ಹನಿ ಅಂಟು ಇಲ್ಲ. ಮೇಲೆ ಅಗಸೆ ಎಣ್ಣೆ, ಮೂರು ಕೈ, ನಡುವೆ ಒಣಗಲು ಬಿಟ್ಟು. (ಎಣ್ಣೆ ಒರೆಸಿದ ಅರಿವೆ ಮುದ್ದೆ ಮಾಡಿ ಒಗೀಬ್ಯಾಡ್ರಿ, ತಾನೇ ಕಾದು ಬೆಂಕಿ ಹತ್ತಬಹುದು. ಹರವಿ ಒಣಗಿಸ್ರಿ.)

ಅಪ್ಪನ ಮುಂದೆ ಇಟ್ಟೆ. ಆತ ಬೆರಳಿನಿಂದ ಒಂದೊಂದೇ ಮುಟ್ಟಿದ. "ಇದು ನಮ್ಮ ಜಂತಿ. ಇದು ಹೊಸ್ತಲಾ. ಇದು ಕಂಬ." ಸಾಗವಾನಿಗೆ ಬಂದಾಗ ಸುಮ್ಮನಾದ. ಆಮೇಲೆ ಬೋಗುಣಿ ಅಲ್ಲಾಡಿಸಿದ.

"ತಳಾ ಅಲಗತೈತಲ್ಲೋ."

"ಅಲಗಬೇಕ್ರಿ ಅಪ್ಪಾ. ದೊಡ್ಡಪ್ಪ ಹೇಳಿಕೊಟ್ಟಾರ."

ಅಪ್ಪ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಆರಾಮ ಅದಾನೇನು?" ಅಂದ.

ದಸರಾ ಬಂತು. ನಮ್ಮ ಕಡೆ ಬನ್ನಿ ಕೊಟ್ಟು ಹಿರಿಯರ ಕಾಲು ಮುಟ್ಟೋದು ನಿಮಗೆ ಗೊತ್ತು. ಆ ಸಂಜೆ ಅಪ್ಪ ಬೋಗುಣಿಯಲ್ಲಿ ಬನ್ನಿ ಎಲೆ ತುಂಬಿ ನನ್ನ ಕೈಗೆ ಕೊಟ್ಟ. "ಬೀಳಗಿಗೆ ಕೊಟ್ಟ ಬಾ." ತಾನು ಬರಲಿಲ್ಲ.

ದೊಡ್ಡಪ್ಪ ಬನ್ನಿ ತಗೊಂಡು ಹಣೆಗೆ ಒತ್ತಿಕೊಂಡ. ಖಾಲಿ ಪಾತ್ರೆ ಹೊಳ್ಳಿ ಕಳಿಸಬಾರದು ಅಂತಾರಲ್ಲ, ಬೋಗುಣಿಯಲ್ಲಿ ಶೇಂಗಾ ತುಂಬಿ ಕಳಿಸಿದ. ಸಂಕ್ರಾಂತಿಗೆ ಅಪ್ಪ ಅದರಲ್ಲಿ ಕುಸುರೆಳ್ಳು ಹಾಕಿ ಕಳಿಸಿದ. ಅಲ್ಲಿಂದ ಹೊಸ ಬೆಲ್ಲ ಬಂತು. ಬೋಗುಣಿ ಈಗ ಎಲ್ಲಿ ಐತಿ ಅಂದರೆ, ಬೀಳಗಿಯಲ್ಲಿ. ಯುಗಾದಿಗೆ ಬರ್ತದೆ.

ಇಬ್ಬರೂ ಇನ್ನೂ ಮಾತಾಡಿಲ್ಲ. ಸುಳ್ಳು ಹೇಳಿ ಕಥೆ ಮುಗಿಸೋದು ನನಗೆ ಬ್ಯಾಡ. ಆದರೆ ಒಂದು ಮಳೆಗಾಲ ಹೋಯಿತು, ಬೋಗುಣಿ ಸೀಳಿಲ್ಲ.

ನಿಮ್ಮ ಮನೆಯಲ್ಲಿಯೂ ಹಳೇ ಬಾಗಿಲ, ತೊಟ್ಟಿಲ, ಮಗ್ಗದ ಒಂದು ತುಂಡು ಹಿತ್ತಲಲ್ಲಿ ಬಿದ್ದಿರಬಹುದು. ಒಲೆಗೆ ಹಾಕುವ ಮೊದಲು ಒಂದು ಸಲ ರಂದಾ ಹೊಡೆದು ನೋಡ್ರಿ. ಒಳಗೆ ಯಾವ ಬಣ್ಣ ಬಂತು ಅಂತ ಕಾಮೆಂಟಿನಲ್ಲಿ ಬರೀರಿ, ಎಲ್ಲಾ ಓದ್ತೀನಿ.

#ಕಟ್ಟಿಗೆಕೆಲಸ #ಜಮಖಂಡಿ #ಮುಧೋಳ #ಬೀಳಗಿ #ರಬಕವಿಬನಹಟ್ಟಿ #ಮುಳುಗಡೆಯಊರು #ಬೋಗುಣಿ