ಬೆಟ್ಟದ ದಾರಿಗೆ ಬಾಗುವ ರೈಲು

ಮಾತ್ಸುಎ, ಶಿಮಾನೆ ಪ್ರಾಂತ್ಯ, ಜಪಾನ್
ನವೆಂಬರ್ 2025

ಪ್ರೀತಿಯ ಚಿಕ್ಕಪ್ಪ,

ಚಿಕ್ಕಮ್ಮನ ಮಂಡಿನೋವು ಹೇಗಿದೆ? ಕಡಲೆಕಾಯಿ ಬಿಡಿಸಿದ್ದಾಯಿತೇ? ಮೊನ್ನೆ ಫೋನಿನಲ್ಲಿ ಬುಲೆಟ್ ಟ್ರೈನ್ ಹತ್ತಿದೆಯಾ ಅಂತ ಕೇಳಿದೆಯಲ್ಲ, ಹತ್ತಿದೆ. ಒಸಾಕಾದಿಂದ ಒಕಾಯಾಮಾಗೆ ಅದರಲ್ಲೇ ಬಂದೆ, ಮುಕ್ಕಾಲು ಗಂಟೆಯ ದಾರಿ. ಅದರ ವಿಚಾರ ಟೀವಿಯಲ್ಲಿ ಬೇಕಾದಷ್ಟು ನೋಡಿದ್ದೀಯ. ನಾನು ಬರೆಯಬೇಕೆಂದು ಕೂತಿರುವುದು ಅದರಿಂದಿಳಿದು ಹತ್ತಿದ ಇನ್ನೊಂದು ಗಾಡಿಯ ಬಗ್ಗೆ. ಜೀವಮಾನವೆಲ್ಲ ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡಿಕೊಂಡು ಬಂದ ನಿನಗೆ ಬುಲೆಟ್ ಟ್ರೈನಿಗಿಂತ ಇದೇ ಹಿಡಿಸುತ್ತದೆ.

ಗಾಡಿಯ ಹೆಸರು ಯಾಕುಮೊ. ಒಕಾಯಾಮಾದಿಂದ ಇಝುಮೊ ಊರಿಗೆ, ಸುಮಾರು 220 ಕಿಲೋಮೀಟರ್, ಮೂರು ಗಂಟೆಯ ಹಾದಿ. ಇಂಥ ಗಾಡಿಗಳಿಗೆ ಇಲ್ಲಿ ಲಿಮಿಟೆಡ್ ಎಕ್ಸ್‌ಪ್ರೆಸ್ ಅನ್ನುತ್ತಾರೆ. ದೊಡ್ಡ ಊರುಗಳಲ್ಲಷ್ಟೇ ನಿಲ್ಲುತ್ತವೆ, ಮಾಮೂಲಿ ಟಿಕೆಟ್ಟಿನ ಜೊತೆಗೆ ಎಕ್ಸ್‌ಪ್ರೆಸ್ಸಿನದೇ ಇನ್ನೊಂದು ಟಿಕೆಟ್ ತೆಗೆದುಕೊಳ್ಳಬೇಕು. ಬುಲೆಟ್ ಟ್ರೈನಿಗೆ ಅದರದೇ ಹೊಸ ಹಳಿ, ನೇರ ದಾರಿ. ಯಾಕುಮೊಗೆ ಆ ಭಾಗ್ಯವಿಲ್ಲ. ಲೋಕಲ್ ಗಾಡಿ, ಗೂಡ್ಸ್ ಗಾಡಿ ಓಡುವ ಹಳೇ ಹಳಿಯ ಮೇಲೇ ಇದೂ ಓಡಬೇಕು. ಹಳಿಗಳ ನಡುವಿನ ಅಗಲ 1,067 ಮಿಲಿಮೀಟರ್. ನಮ್ಮ ಬ್ರಾಡ್ ಗೇಜ್ 1,676. 1872ರಲ್ಲಿ ಜಪಾನಿನ ಮೊದಲ ರೈಲಿಗೆ ಹಾಕಿದ ಅಳತೆಯೇ ಇಂದಿಗೂ ಉಳಿದಿದೆ. ನಮ್ಮ ಬೆಂಗಳೂರು–ತುಮಕೂರು ದಾರಿಯೂ 1884ರಲ್ಲಿ ಶುರುವಾದಾಗ ಮೀಟರ್ ಗೇಜೇ. ನಾವು 1990ರ ದಶಕದಲ್ಲಿ ಅದನ್ನು ಕಿತ್ತು ಅಗಲ ಮಾಡಿದೆವು. ಇವರು ಬೆಟ್ಟದ ಸಾಲು ಸಾಲು ಸುರಂಗ, ಸೇತುವೆಗಳನ್ನೆಲ್ಲ ಹೊಸದಾಗಿ ಕಟ್ಟಲು ಹೋಗಲಿಲ್ಲ. ಹಳಿಯನ್ನು ಇದ್ದ ಹಾಗೇ ಬಿಟ್ಟು ಗಾಡಿಯನ್ನೇ ಆ ಹಳಿಗೆ ತಕ್ಕ ಹಾಗೆ ಮಾಡಿದರು.

ಕುರಾಶಿಕಿ ದಾಟಿದ ಮೇಲೆ ದಾರಿ ತಾಕಾಹಾಶಿ ನದಿಯ ಪಕ್ಕ ಸೇರಿಕೊಳ್ಳುತ್ತದೆ. ನದಿ ಎತ್ತ ತಿರುಗಿದರೆ ಹಳಿಯೂ ಅತ್ತಲೇ. ಎಡಕ್ಕೊಂದು ತಿರುವು, ತಿರುಗಿ ಮುಗಿಯುವುದರೊಳಗೆ ಬಲಕ್ಕೊಂದು. ಬಸ್ಸು ತಿರುವಿನಲ್ಲಿ ಜೋರಾಗಿ ಹೋದರೆ ಮೈ ಹೊರಗಡೆಗೆ ವಾಲುತ್ತದಲ್ಲ, ರೈಲಿನಲ್ಲೂ ಅದೇ. ಅದಕ್ಕೇ ತಿರುವಿನಲ್ಲಿ ಹೊರಗಿನ ಹಳಿಯನ್ನು ಒಂದಿಷ್ಟು ಎತ್ತರಿಸಿರುತ್ತಾರೆ. ಬೇಕಾದಷ್ಟು ಎತ್ತರಿಸುವ ಹಾಗೂ ಇಲ್ಲ, ಅದೇ ಹಳಿಯ ಮೇಲೆ ನಿಧಾನವಾಗಿ ಹೋಗುವ, ಕೆಲವೊಮ್ಮೆ ನಿಂತೇಬಿಡುವ ಗೂಡ್ಸ್ ಗಾಡಿ ಒಳಮಗ್ಗುಲಿಗೆ ಒರಗುತ್ತದೆ. ಉಳಿದ ಕೊರತೆಯನ್ನು ಯಾಕುಮೊ ತಾನೇ ತುಂಬಿಕೊಳ್ಳುತ್ತದೆ. ಗಾಲಿಗಳ ಚೌಕಟ್ಟಿನ ಮೇಲೆ ಬೋಗಿಯ ಒಡಲು ಬಿಗಿಯಾಗಿ ಕೂತಿಲ್ಲ, ತೂಗಾಡುವ ಹಾಗೆ ಕೂತಿದೆ. ತಿರುವು ಬಂತೆಂದರೆ ಇಡೀ ಬೋಗಿ ತಿರುವಿನ ಒಳಗಡೆಗೆ ಬಾಗುತ್ತದೆ.

ಎದುರಿನ ಹಲಗೆಯ ಮೇಲೆ ಅರ್ಧ ಕುಡಿದ ನೀರಿನ ಬಾಟಲಿ ಇಟ್ಟುಕೊಂಡು ಅದನ್ನೇ ನೋಡುತ್ತಾ ಕೂತೆ. ಕಿಟಕಿಯಾಚೆ ನದಿಯ ದಂಡೆ ಓರೆಯಾಗಿ ಮೇಲೇಳುತ್ತದೆ, ಮನೆಯ ಹೆಂಚುಗಳು ವಾಲುತ್ತವೆ, ವಿದ್ಯುತ್ ಕಂಬಗಳೆಲ್ಲ ಒಂದೇ ಕಡೆಗೆ ಒರಗಿ ನಿಲ್ಲುತ್ತವೆ. ಬಾಟಲಿಯೊಳಗಿನ ನೀರಿನ ಗೆರೆ ಮಾತ್ರ ಹಲಗೆಗೆ ಸಮವಾಗಿಯೇ ಇರುತ್ತದೆ, ಬಿಟ್ಟರೆ ಒಂದು ನೂಲಿನಷ್ಟು ಓರೆ. ಕಣ್ಣು ಬೀಳುತ್ತಿದ್ದೀಯ ಅನ್ನುತ್ತದೆ, ಹೊಟ್ಟೆ ಇಲ್ಲ ಅನ್ನುತ್ತದೆ. ಒಂದು ತಿರುವು ಮುಗಿದು ಇನ್ನೊಂದು ಹಿಡಿಯುವ ಹೊತ್ತಿಗೆ ಆ ಗೆರೆ ಅಲುಗಿದ ಹಾಗೆ ಮಾಡಿ ಮತ್ತೆ ಸಮಕ್ಕೆ ಬರುತ್ತದೆ. ಸಾಲದ್ದಕ್ಕೆ ಪಕ್ಕದ ಸೀಟಿನ ಅಜ್ಜಿ ಊಟದ ಡಬ್ಬಿ ಬಿಚ್ಚಿ ಕಡ್ಡಿಯಲ್ಲಿ ಒಂದೊಂದೇ ತುತ್ತನ್ನು ಸಮಾಧಾನವಾಗಿ ತಿನ್ನುತ್ತಿದ್ದಳು.

ಈ ಸಮಾಧಾನ ಸುಲಭಕ್ಕೆ ಬಂದದ್ದಲ್ಲ. ಬಾಗುವ ವಿದ್ಯುತ್ ರೈಲು ಜಪಾನಿನಲ್ಲಿ ಪ್ರಯಾಣಿಕರನ್ನು ಹೊತ್ತು ಮೊದಲು ಓಡಿದ್ದು 1973ರಲ್ಲಿ, ನಗೋಯಾದಿಂದ ನಗಾನೊ ಕಡೆಗೆ. 381 ಎಂಬ ಸರಣಿಯ ಗಾಡಿ. ಅದು ಬಾಗುತ್ತಿದ್ದದ್ದು ತಿರುವಿನ ಬಲಕ್ಕೇ, ಯಾವ ಯಂತ್ರದ ಸಹಾಯವೂ ಇಲ್ಲದೆ, ಉರುಳುಗಳ ಮೇಲೆ. ಉರುಳುಗಳಿಗೂ ಘರ್ಷಣೆ ಇರುತ್ತದಲ್ಲ, ತಿರುವು ಶುರುವಾಗಿ ಒಂದು ಗಳಿಗೆಯಾದ ಮೇಲೆ ಬೋಗಿ ದಡಕ್ಕನೆ ಬಾಗುವುದು, ತಿರುವು ಮುಗಿದ ಮೇಲೆ ತಡವಾಗಿ ನೆಟ್ಟಗಾಗುವುದು. ಜನಕ್ಕೆ ವಾಂತಿ. ವಾಕರಿಕೆಯ ಚೀಲ ಇಟ್ಟೇ ಓಡಿಸುತ್ತಿದ್ದರಂತೆ. ಅದೇ ಗಾಡಿ ಈ ದಾರಿಗೂ 1982ರಲ್ಲಿ ಕರೆಂಟ್ ಎಳೆದಾಗ ಬಂತು, 2024ರವರೆಗೆ ಓಡಿತು. ನಾನು ಕೂತದ್ದು 2024ರ ಏಪ್ರಿಲ್‌ನಲ್ಲಿ ಬಂದ ಹೊಸ 273 ಸರಣಿಯ ಗಾಡಿ. ದಾರಿಯ ಪ್ರತಿ ತಿರುವಿನ ನಕ್ಷೆ ಇದರ ಕಂಪ್ಯೂಟರಿನಲ್ಲಿ ತುಂಬಿದೆ. ಗಾಡಿ ಓಡುತ್ತಲೇ ತನ್ನ ತಿರುಗುವಿಕೆಯನ್ನು ಅಳೆದು, ಆ ನಕ್ಷೆಗೆ ಹೊಂದಿಸಿ, ಈಗ ನಾನೆಲ್ಲಿದ್ದೇನೆ ಅಂತ ಕಂಡುಕೊಂಡು, ತಿರುವಿಗೆ ತಕ್ಕ ಹೊತ್ತಿಗೆ ಒಡಲನ್ನು ಮೆಲ್ಲಗೆ ಬಾಗಿಸುತ್ತದೆ.

ಇಷ್ಟೆಲ್ಲ ಇದ್ದೂ ಇದರ ಗರಿಷ್ಠ ವೇಗ ಗಂಟೆಗೆ 120 ಕಿಲೋಮೀಟರ್ ಮಾತ್ರ. ಅಷ್ಟೇನಾ ಅನ್ನಬೇಡ. ಬೆಟ್ಟದ ದಾರಿಯಲ್ಲಿ ಹೊತ್ತು ಹಾಳಾಗುವುದು ತಿರುವು ಬಂದಾಗಲೆಲ್ಲ ಬ್ರೇಕ್ ಹಾಕಿ, ಮತ್ತೆ ವೇಗ ಹಿಡಿಯುವುದರಲ್ಲಿ. ಇದು ತಿರುವಿನಲ್ಲಿ ಅಷ್ಟು ಇಳಿಸುವುದೇ ಇಲ್ಲ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಇದಕ್ಕೆ ಇಂಜಿನ್ ಇಲ್ಲ ಚಿಕ್ಕಪ್ಪ. ನಾಲ್ಕು ಬೋಗಿ, ಮೋಟರ್‌ಗಳನ್ನು ಬೋಗಿಗಳ ಅಡಿಗೇ ಹಂಚಿ ಕೂರಿಸಿದ್ದಾರೆ. ಅವು ನೀನು ದಿನಾ ಬಿಚ್ಚಿ ಕಟ್ಟುವಂಥವೇ: ತ್ರೀ ಫೇಸ್ ಇಂಡಕ್ಷನ್ ಮೋಟರ್, ಬ್ರಶ್ ಇಲ್ಲ, ಕಮ್ಯುಟೇಟರ್ ಇಲ್ಲ. ಹಳೆಯ 381ರಲ್ಲಿದ್ದದ್ದು ಡಿಸಿ ಮೋಟರ್. ಹೊರಡುವಾಗ ಕರೆಂಟನ್ನು ರೆಸಿಸ್ಟರ್‌ಗಳ ಮೂಲಕ ಹಾಯಿಸಿ, ಅರ್ಧಕ್ಕರ್ಧ ಶಾಖವಾಗಿ ಗಾಳಿಗೆ ಬಿಟ್ಟು, ಹಂತಹಂತವಾಗಿ ವೇಗ ಏರಿಸುತ್ತಿದ್ದರು. ಕಾರ್ಬನ್ ಬ್ರಶ್ ಸವೆಯುವುದು, ಬದಲಿಸುವುದು, ಅದರ ಪಾಡು ನಿನಗೆ ನಾನು ಹೇಳಬೇಕಾಗಿಲ್ಲ.

ಇಂಡಕ್ಷನ್ ಮೋಟರ್ ಎಷ್ಟು ವೇಗವಾಗಿ ಸುತ್ತಬೇಕು ಅನ್ನುವುದನ್ನು ಫ್ರೀಕ್ವೆನ್ಸಿಯೇ ನಿರ್ಧರಿಸುತ್ತದೆ ಅಂತ ನೀನೇ ನನಗೆ ಹೇಳಿಕೊಟ್ಟದ್ದು. ಅದಕ್ಕೆ ಜಪಾನೇ ಒಂದು ಸಾಕ್ಷಿ. ಈ ದೇಶದ ಪೂರ್ವಕ್ಕೆ 50 ಹರ್ಟ್ಸ್, ಪಶ್ಚಿಮಕ್ಕೆ 60. ಹತ್ತೊಂಬತ್ತನೇ ಶತಮಾನದ ಕೊನೆಗೆ ಟೋಕಿಯೊ ಜರ್ಮನಿಯಿಂದ ಜನರೇಟರ್ ತರಿಸಿತು, ಒಸಾಕಾ ಅಮೆರಿಕದಿಂದ ತರಿಸಿತು. ಆ ಭೇದ ಈಗಲೂ ಹಾಗೇ ಇದೆ. 50 ಹರ್ಟ್ಸಿನ ನಿನ್ನ ಅಂಗಡಿಯ ಮೋಟರನ್ನು 60 ಹರ್ಟ್ಸಿನ ಈ ಊರಿನಲ್ಲಿ ಕೂರಿಸಿದರೆ ಐದು ಸುತ್ತುವ ಕಡೆ ಆರು ಸುತ್ತುತ್ತದೆ. ರೈಲಿನಲ್ಲಿ ಇದನ್ನೇ ಬೇಕೆಂದು ಮಾಡುತ್ತಾರೆ. ತಂತಿಯಲ್ಲಿ ಬರುವುದು 1,500 ವೋಲ್ಟ್ ಡಿಸಿ. ಬೋಗಿಯಡಿಯ ಇನ್ವರ್ಟರ್ ಅದನ್ನು ತ್ರೀ ಫೇಸ್ ಮಾಡಿ, ಹೊರಡುವಾಗ ತೀರಾ ಕಡಿಮೆ ಫ್ರೀಕ್ವೆನ್ಸಿ, ಕಡಿಮೆ ವೋಲ್ಟೇಜ್ ಕೊಟ್ಟು, ವೇಗ ಹೆಚ್ಚಿದಂತೆ ಎರಡನ್ನೂ ಒಟ್ಟಿಗೆ ಏರಿಸುತ್ತದೆ. ಸ್ಟಾರ್ಟರ್ ಒತ್ತಿದಾಗ ಕೊಳವೆಬಾವಿಯ ಮೋಟರ್ ಎಳೆಯುವ ಆ ಒಂದೇ ಏಟಿನ ಕರೆಂಟ್ ಇಲ್ಲಿಲ್ಲ.

ಇಳಿಜಾರಿನಲ್ಲಿ ಇನ್ನೂ ಚೆನ್ನ. ಬೆಟ್ಟದ ನೆತ್ತಿಯ ಸುರಂಗ ದಾಟಿದ ಮೇಲೆ ನೀರು ಉತ್ತರಕ್ಕೆ ಹರಿಯತೊಡಗುತ್ತದೆ, ಗಾಡಿಯೂ ಹಿನೊ ನದಿಯ ಜೊತೆ ಇಳಿಯುತ್ತದೆ. ಬ್ರೇಕ್ ಹಿಡಿದಾಗ ಅದೇ ಮೋಟರ್ ಜನರೇಟರ್ ಆಗಿ ತಂತಿಗೆ ಕರೆಂಟ್ ವಾಪಸು ಕೊಡುತ್ತದೆ. ಹತ್ತಿರದಲ್ಲಿ ಇನ್ನೊಂದು ಗಾಡಿ ಏರುತ್ತಿದ್ದರೆ ಅದು ಎಳೆದುಕೊಳ್ಳುತ್ತದೆ.

ಹೀಗೆ ಮೋಟರ್‌ಗಳನ್ನು ಹಂಚುವ ಬುದ್ಧಿಯಿಂದಲೇ ಬುಲೆಟ್ ಟ್ರೈನ್ ಹುಟ್ಟಿದ್ದು. ದೂರದ ಗಾಡಿಗೆ ಇಂಜಿನ್ನೇ ಸರಿ, ಮೋಟರ್ ಬೋಗಿಗಳು ಪಟ್ಟಣದೊಳಗಿನ ಓಡಾಟಕ್ಕೆ ಸಾಕು ಅಂತ ಬಹಳ ಕಾಲ ಎಲ್ಲರೂ ನಂಬಿದ್ದರು. ಹಿದೆಒ ಶಿಮಾ ಎಂಬ ರೈಲ್ವೆ ಇಂಜಿನಿಯರ್ ನಂಬಲಿಲ್ಲ. ಜಪಾನಿನ ನೆಲ ಮೆತ್ತಗೆ, ಸೇತುವೆಗಳು ಹೆಚ್ಚು. ಭಾರದ ಇಂಜಿನ್ ಒಂದೇ ಕಡೆ ಹಳಿಯನ್ನು ಅದುಮುವುದಕ್ಕಿಂತ ಆ ಭಾರವನ್ನು ಇಡೀ ಗಾಡಿಗೆ ಹಂಚುವುದೇ ಸರಿ ಅಂದರು. 1957ರ ಸೆಪ್ಟೆಂಬರ್‌ನಲ್ಲಿ ಒದಾಕ್ಯೂ ಎಂಬ ಖಾಸಗಿ ರೈಲ್ವೆಯ ಗಾಡಿ ಈ ಕಿರಿದಾದ ಹಳಿಯ ಮೇಲೆಯೇ ಪರೀಕ್ಷೆಯಲ್ಲಿ 145 ಕಿಲೋಮೀಟರ್ ವೇಗ ಮುಟ್ಟಿತು. ಮರುವರ್ಷ ನವೆಂಬರ್ 1ಕ್ಕೆ ಕೊದಾಮಾ ಎಂಬ ವಿದ್ಯುತ್ ಲಿಮಿಟೆಡ್ ಎಕ್ಸ್‌ಪ್ರೆಸ್ ಟೋಕಿಯೊ–ಒಸಾಕಾ ನಡುವೆ ಹೊರಟಿತು. ಆರು ಗಂಟೆ ಐವತ್ತು ನಿಮಿಷ. ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ರಾತ್ರಿಗೆ ಮನೆ ಸೇರಬಹುದಾಯಿತು. ಅದಾಗಿ ಆರನೇ ವರ್ಷಕ್ಕೆ, 1964ರ ಅಕ್ಟೋಬರ್ 1ರಂದು, ಶಿಂಕಾನ್ಸೆನ್, ಅಂದರೆ ಬುಲೆಟ್ ಟ್ರೈನ್. ನಮ್ಮ ವಂದೇ ಭಾರತ್ ಕೂಡ ಇದೇ ದಾರಿ ಹಿಡಿದದ್ದು. 2023ರ ಜೂನ್‌ನಿಂದ ತುಮಕೂರಿನ ಮೇಲೆ ಧಾರವಾಡಕ್ಕೆ ಹೋಗುತ್ತದಲ್ಲ, ಅದಕ್ಕೂ ಬೇರೆ ಇಂಜಿನ್ ಇಲ್ಲ.

ನನ್ನ ಮನಸ್ಸು ತುಂಬಿದ್ದು ಈ ಯಂತ್ರದಿಂದ ಮಾತ್ರವಲ್ಲ. ಒಕಾಯಾಮಾಗೆ ಬುಲೆಟ್ ಟ್ರೈನ್ ಬಂದದ್ದು 1972ರ ಮಾರ್ಚ್ 15. ಯಾಕುಮೊ, ಆಗಿನ್ನೂ ಡೀಸೆಲ್ ಗಾಡಿ, ಶುರುವಾದದ್ದೂ ಅದೇ ದಿನ. ವೇಗದ ರೈಲಿನ ಲಾಭ ಬಯಲಿನ ಪಟ್ಟಣಗಳಿಗೆ ಮಾತ್ರ ಸಿಗಬಾರದು, ಬೆಟ್ಟದಾಚೆಯ ಜನಕ್ಕೂ ಸಿಗಬೇಕು ಅಂತ ಮೊದಲ ದಿನವೇ ಏರ್ಪಾಡು ಮಾಡಿದ್ದರು. ಈಗ ದಿನಕ್ಕೆ 15 ಜೋಡಿ, ಹೆಚ್ಚುಕಡಿಮೆ ಗಂಟೆಗೊಂದು. ದಾರಿಯಲ್ಲಿ ನೀಮಿ ಎಂಬ ಊರಿದೆ, ನಮ್ಮ ಶಿರಾಕ್ಕಿಂತ ಚಿಕ್ಕದು. ಅಲ್ಲಿಂದ ಮುಂದಕ್ಕೆ ಬಹುಪಾಲು ಒಂಟಿ ಹಳಿ. ಎದುರಿನ ಗಾಡಿ ಬರುವ ತನಕ ಸ್ಟೇಷನ್ನಿನಲ್ಲಿ ಕಾಯುತ್ತಾರೆ, ಅದು ಬಂದ ಕೂಡಲೇ ಹೊರಡುತ್ತಾರೆ. ಒಂಟಿ ಹಳಿ ಅಂತ ಗಾಡಿ ಕಡಿಮೆ ಮಾಡಿಲ್ಲ.

ಎಲ್ಲವೂ ಸರಿಯಾಗಿದೆ ಅಂತಲ್ಲ. ನೀಮಿಯ ಹತ್ತಿರ ಬಂದು ಸೇರುವ ಗೇಬಿ ಎಂಬ ಕವಲು ದಾರಿಯಲ್ಲಿ ಜನವೇ ಇಲ್ಲ, ಅದನ್ನು ಉಳಿಸುವುದೋ ಬಿಡುವುದೋ ಅಂತ ಚರ್ಚೆ ನಡೆದಿದೆ. ಇದೇ ಸೀಮೆಯ ಸಾಂಕೊ ದಾರಿಯನ್ನು 2018ರಲ್ಲಿ ಮುಚ್ಚಿಯೇಬಿಟ್ಟರು. ಹಳ್ಳಿಗಳಲ್ಲಿ ಮುದುಕರಷ್ಟೇ ಉಳಿದಿದ್ದಾರೆ. ಇವರಿಗೆ ಹಳಿಯಿದೆ, ಜನವಿಲ್ಲ. ನಮಗೆ ಜನವಿದೆ, ಹಳಿಯಿಲ್ಲ. ನಮ್ಮ ಕಡೆಯ ಬರಗೂರಿನವರು ರೈಲು ಹತ್ತಬೇಕಾದರೆ ಇವತ್ತಿಗೂ ತುಮಕೂರಿಗೋ ಹಿಂದೂಪುರಕ್ಕೋ ಬಸ್ಸಿನಲ್ಲಿ ಹೋಗಬೇಕು.

ಕೊರಟಗೆರೆ, ಮಧುಗಿರಿ, ಪಾವಗಡದ ಮೇಲೆ ಹೋಗುವ ತುಮಕೂರು–ರಾಯದುರ್ಗ ದಾರಿ, ಶಿರಾದ ಮೇಲೆ ಹೋಗುವ ತುಮಕೂರು–ದಾವಣಗೆರೆ ದಾರಿ, ಎರಡೂ ಮುಗಿಯುವ ದಿನ ಬಂದೇ ಬರುತ್ತದೆ. ಅಂದು ನಮಗೆ ಬಾಗುವ ಗಾಡಿ ಬೇಕಿಲ್ಲ, ಹೊಸ ದಾರಿಯನ್ನು ನೇರವಾಗಿಯೇ ಹಾಕುತ್ತಾರೆ. ಬೇಕಾದ್ದು ಜಪಾನಿನವರ ಈ ಹಟ. ದಿನಕ್ಕೊಂದು ಪ್ಯಾಸೆಂಜರ್ ಬಿಟ್ಟು ರೈಲು ಬಂತು ಅಂತ ಸುಮ್ಮನಾಗಬಾರದು. ಆರೆಂಟು ಬೋಗಿಯ ಚಿಕ್ಕ ವಿದ್ಯುತ್ ಗಾಡಿಗಳು ದಿನವಿಡೀ ಓಡಾಡಬೇಕು, ತುಮಕೂರಿನಲ್ಲಿ ಹುಬ್ಬಳ್ಳಿ ಗಾಡಿಗೆ ಹೊಂದಬೇಕು, ಮಧುಗಿರಿಯಲ್ಲೂ ಶಿರಾದಲ್ಲೂ ಇಳಿದವರಿಗೆ ಹಳ್ಳಿಯ ಬಸ್ಸು ಕಾದಿರಬೇಕು. ಕರೆಂಟಿಗೆ ನಮಗೇನು ಬರ? ಪಾವಗಡದ ತಿರುಮಣಿ ಸೋಲಾರ್ ಪಾರ್ಕೊಂದೇ 2,050 ಮೆಗಾವ್ಯಾಟಿನದು. ಅದೇ ತಾಲ್ಲೂಕಿನ ಹುಡುಗಿಯೊಬ್ಬಳು ಬೆಳಿಗ್ಗೆ ತುಮಕೂರಿನ ಕಾಲೇಜಿಗೆ ಹೋಗಿ ಸಂಜೆಗೆ ಮನೆ ಸೇರುವ ಹಾಗಾಗಬೇಕು. ಇದನ್ನು ಪಂಚಾಯಿತಿಯಲ್ಲೂ, ನಿನ್ನ ಅಂಗಡಿಗೆ ಬರುವ ರೈತರ ಹತ್ತಿರವೂ ಮಾತಾಡು. ಹಳಿ ಬೇಕು ಅಂತ ಕೇಳುವವರು ಬಹಳ ಮಂದಿ ಇದ್ದಾರೆ, ವೇಳಾಪಟ್ಟಿ ಹೀಗಿರಬೇಕು ಅಂತ ಈಗಿನಿಂದಲೇ ಕೇಳುವವರು ಬೇಕು.

ಇನ್ನೊಂದು ವಿಷಯ. ಸೋಲಾರ್ ಡ್ರೈವ್ ಹಾಕಿದ ಮಾನೋಬ್ಲಾಕ್ ಮೋಟರ್‌ಗಳ ಬೇರಿಂಗ್ ಬೇಗ ಹೋಗುತ್ತಿವೆ, ಬಿಚ್ಚಿದರೆ ಒಳಗೆ ಸಣ್ಣ ಸಣ್ಣ ಗೀರು ಕಾಣುತ್ತದೆ ಅಂತ ನೀನು ಹೇಳಿದ್ದೆ. ಆ ಡ್ರೈವ್ ಕೂಡ ಇನ್ವರ್ಟರೇ. ಇನ್ವರ್ಟರಿನಿಂದ ಓಡುವ ಮೋಟರ್‌ಗಳ ಶಾಫ್ಟಿನಲ್ಲಿ ಅಷ್ಟಿಷ್ಟು ವೋಲ್ಟೇಜ್ ಕೂಡಿಕೊಂಡು ಬೇರಿಂಗಿನ ಮೂಲಕ ಹರಿಯುತ್ತದೆ, ಆ ಕಿಡಿಯೇ ಅದನ್ನು ಕೊರೆಯುವುದು. ರೈಲಿನ ಮೋಟರ್‌ಗಳಿಗೆ ಅದಕ್ಕೇ ಹೊರಬಳೆಗೆ ನಿರೋಧಕ ಲೇಪ ಹಚ್ಚಿದ ಬೇರಿಂಗ್ ಹಾಕುತ್ತಾರೆ. ಅಂಥವು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತವೆಯಾ ವಿಚಾರಿಸು. ಸಿಗದಿದ್ದರೆ ಮೋಟರಿನ ಅರ್ತಿಂಗ್ ಗಟ್ಟಿ ಮಾಡಿ, ಡ್ರೈವಿನಿಂದ ಮೋಟರಿಗೆ ಹೋಗುವ ಕೇಬಲ್ಲನ್ನು ಆದಷ್ಟು ಗಿಡ್ಡ ಮಾಡಿ ನೋಡು, ಸ್ವಲ್ಪ ತಡೆಯಬಹುದು. ಆದದ್ದನ್ನು ನನಗೆ ಬರಿ.

ಅಪ್ಪ ಅಮ್ಮನಿಗೂ ಈ ಕಾಗದ ಓದಿ ಹೇಳು. ಚಿಕ್ಕಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಪ್ರೀತಿ.

ಇಂತಿ,
ನಿನ್ನ ಅಣ್ಣನ ಮಗಳು