ಕಪಿಲೆಗೊಂದು ಬಜರ್

ಕಬಿನಿ ಅಣೆಕಟ್ಟೆಯಿಂದ ಜಾಸ್ತಿ ನೀರು ಬಿಟ್ಟರೆ ನಂಜನಗೂಡಿನ ಹದಿನಾರು ಕಾಲು ಮಂಟಪ ಗೇಣುಗೇಣಾಗಿ ಮುಳುಗುತ್ತದೆ. 2018, 2019ರಲ್ಲಿ ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆಗೇ ನೀರು ನುಗ್ಗಿತ್ತು. ಕಬಿನಿ ಎಂದೂ ಕರೆಯುವ ಅದೇ ಕಪಿಲೆ ಮುಂದೆ ತಿ. ನರಸೀಪುರದಲ್ಲಿ ಕಾವೇರಿ ಸೇರುತ್ತಾಳೆ. ಈ ಎರಡೂ ಊರಿನ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ನೀರು ಏರಿದರೆ ಕೂಗಿ ಎಚ್ಚರಿಸುವ ಸರ್ಕ್ಯೂಟ್‌ಗೆ ಬೇಕಾದ್ದು ಇಷ್ಟೇ: ಒಂದು 9 ವೋಲ್ಟ್ ಬ್ಯಾಟರಿ, ಬಿಸಿ 547 ಟ್ರಾನ್ಸಿಸ್ಟರ್, ರೆಸಿಸ್ಟರ್, ಪುಟ್ಟ ಬಜರ್, ಎರಡು ತಂತಿ. ತಂತಿಯ ತುದಿಗಳಿಗೆ ನೀರು ತಾಗಿದ್ದೇ, ಅದರಲ್ಲಿ ಕರಗಿರುವ ಲವಣಗಳ ದೆಸೆಯಿಂದ ಚೂರೇ ಚೂರು ಕರೆಂಟು ಟ್ರಾನ್ಸಿಸ್ಟರಿನ ಬೇಸ್‌ಗೆ ಹರಿಯುತ್ತದೆ. ಅಷ್ಟು ಸಾಕು, ಬಜರ್ ಕೂಗುತ್ತದೆ. (ಬಕೆಟ್ಟಿನಲ್ಲೇ ಮಾಡಿಸಿ, ಹೊಳೆದಂಡೆಯಲ್ಲಿ ಬೇಡ.)

2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ ಇಂಥ ಪ್ರಯೋಗಗಳ ಲ್ಯಾಬ್ ಕಟ್ಟಲು 20 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ, 6ರಿಂದ 12ನೇ ತರಗತಿಯ ಮಕ್ಕಳಿಗಾಗಿ. ಬಹಳ ಒಳ್ಳೆಯದು, ಬರಲಿ. ಆದರೆ ಬಜರ್ ಕೂಗಿಸಲು ಅಲ್ಲಿಯವರೆಗೆ ಕಾಯಬೇಕಿಲ್ಲ.

ಮೇಷ್ಟ್ರೇ, ಮೇಡಂ, ಈ ಶನಿವಾರವೇ ಒಂದು ಬಕೆಟ್ ನೀರಿಡಿ. ಟ್ರಾನ್ಸಿಸ್ಟರಿನ ಕಾಲುಗಳು ಅದಲುಬದಲಾಗಿ ಬಜರ್ ಸುಮ್ಮನಿದ್ದರೆ ಮಕ್ಕಳೇ ತಪ್ಪು ಹುಡುಕಲಿ. ನೀವು ಕೈ ಹಾಕಬೇಡಿ.